ಭೀಮಾ-ಅಮರ್ಜಾ ಸುಂದರಿಯ ಪರವಾಗಿ

ಭಾರತದಲ್ಲಿ ಸೌಂದರ್ಯದ ಹಂಚಿಕೆಯಲ್ಲಿ ಪ್ರಾದೇಶಿಕ ಅಸಮತೋಲನವಿದೆ. ಮುಂಬೈಯ ಅಖಿಲ ಭಾರತ ಸುಂದರಿ ಮಂಡಳಿ ಇದನ್ನು ಅಧ್ಯಯನ ಮಾಡಿ ಕಂಡುಕೊಂಡಿತು. ಅದುವರೆಗೆ ಗೆದ್ದ ಸುಂದರಿಯರೆಲ್ಲ ದೊಡ್ಡ ಊರುಗಳವರು. ತಾಲ್ಲೂಕು ಕೇಂದ್ರದಿಂದ ಒಬ್ಬಳೂ ಬಂದಿರಲಿಲ್ಲ. ಈ ಅನ್ಯಾಯ ಸರಿಪಡಿಸಲು ಮಂಡಳಿ ದೇಶವನ್ನು ಸೌಂದರ್ಯ ಪ್ರದೇಶಗಳಾಗಿ ಮರುವಿಂಗಡಣೆ ಮಾಡಿ, ಪ್ರತಿ ಪ್ರದೇಶದಿಂದ ಒಬ್ಬ ಸುಂದರಿ ಕಡ್ಡಾಯ ಎಂದು ಪ್ರಕಟಿಸಿತು.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಕೂಡಿಸಿ ಒಂದು ಪ್ರದೇಶ ಮಾಡಲಾಯಿತು. ಅದನ್ನು 'ಸೌಂದರ್ಯದಲ್ಲಿ ಅತಿ ಹಿಂದುಳಿದ ಪ್ರದೇಶ' ಎಂಬ ವರ್ಗಕ್ಕೆ ಸೇರಿಸಲಾಯಿತು. ಜನ ಇದಕ್ಕೆ ಬೇಸರಪಡಲಿಲ್ಲ. ಹಿಂದುಳಿದರೆ ಏನಾದರೂ ಬರುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಬೇಸರಪಟ್ಟವರು ಯಡ್ರಾಮಿಯವರು. ಜೇವರ್ಗಿಯಿಂದ ಬೇರೆಯಾಗಿ ಸ್ವಂತ ತಾಲ್ಲೂಕಾದ ತಮ್ಮನ್ನು ಮತ್ತೆ ಜೇವರ್ಗಿಯ ಲೆಕ್ಕಕ್ಕೇ ಹಾಕಿದ್ದಾರೆ, ವಾಸ್ತವವಾಗಿ ತಾವು ಜೇವರ್ಗಿಗಿಂತ ಹೆಚ್ಚು ಹಿಂದುಳಿದಿದ್ದೇವೆ ಎಂದು ಅವರು ಮನವಿ ಕೊಟ್ಟರು. ಅವರಿಗೆ 'ವಿಶೇಷ ಆಹ್ವಾನಿತ ಸುಂದರಿ' ಎಂಬ ಸ್ಥಾನ ಕೊಟ್ಟು ಸಮಾಧಾನಪಡಿಸಲಾಯಿತು.

ಪ್ರದೇಶಕ್ಕೆ ಮೊದಲು ಭೀಮಾ ಎಂದಷ್ಟೇ ಹೆಸರಿತ್ತು. ಆಳಂದದವರು ಭೀಮಾ ನದಿ ತಮ್ಮಲ್ಲಿ ಹರಿಯುವುದಿಲ್ಲ, ತಮ್ಮದು ಅಮರ್ಜಾ ಎಂದರು. ಹೀಗಾಗಿ ಭೀಮಾ-ಅಮರ್ಜಾ ಎಂದಾಯಿತು. ಸುಂದರಿಯ ಹೆಗಲಿನಿಂದ ಅಡ್ಡ ಹಾಕುವ ಪಟ್ಟಿಯಲ್ಲಿ ಅಷ್ಟು ಅಕ್ಷರ ಹಿಡಿಯದೆ, ಪಟ್ಟಿಯನ್ನು ಮೊಣಕಾಲಿನವರೆಗೆ ಇಳಿಸಲಾಯಿತು.

ಮೂರು ತಾಲ್ಲೂಕಿನ ಸಂಯೋಜಕರಾಗಿ ಜಯತೀರ್ಥರನ್ನು ನೇಮಿಸಿದರು. ಅವರು ಪಂಚಾಯತಿ ಇಲಾಖೆಯಲ್ಲಿ ಸಭೆಗಳ ಕೆಲಸ ನೋಡಿ ನಿವೃತ್ತರಾದವರು. ಸುಂದರಿಯರ ಬಗ್ಗೆ ಅವರಿಗೆ ಅನುಭವವಿರಲಿಲ್ಲ. ಆದರೆ ಸಭೆ ಯಾವುದಾದರೇನು, ನಡೆಸುವ ಕ್ರಮ ಒಂದೇ ಎಂಬುದು ಅವರ ಅಭಿಪ್ರಾಯ. ಅವರು ಹೊರಡಿಸಿದ ಸೂಚನೆ ಹೀಗಿತ್ತು:

"ಸ್ಪರ್ಧಿಯು ಅವಿವಾಹಿತ ಮಹಿಳೆಯಾಗಿರತಕ್ಕದ್ದು. ಹದಿನೆಂಟು ವರ್ಷ ತುಂಬಿರತಕ್ಕದ್ದು. ಸೌಂದರ್ಯವು ಸ್ವಂತದ್ದಾಗಿರತಕ್ಕದ್ದು. ಕೋರಂ ಇಲ್ಲದಿದ್ದಲ್ಲಿ ಸೌಂದರ್ಯವನ್ನು ಮುಂದೂಡಲಾಗುವುದು."

ಅಫಜಲಪುರ ತಾಲ್ಲೂಕಿನ ಗೊಬ್ಬೂರದಲ್ಲಿ ಈ ಸೂಚನೆಯನ್ನು ಪೂರ್ತಿ ಓದಿದವಳು ಶಾಂಭವಿ ಒಬ್ಬಳೇ. ಅವಳು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಮುಂಬೈಯ ಕಾಲೇಜೊಂದರಲ್ಲಿ ಎಂ.ಎಸ್ಸಿ.ಗೆ ಸೀಟು ಸಿಗುವಷ್ಟು ಅಂಕವಿತ್ತು. ಮನೆಯಲ್ಲಿ ಬೇಡ ಎಂದಿದ್ದರು. ಹುಡುಗಿ ಮುಂಬೈಯಲ್ಲಿ ಎಲ್ಲಿ ಇರುತ್ತಾಳೆ ಎಂಬುದು ಅವರ ಪ್ರಶ್ನೆ. ಸೂಚನೆಯ ಕೊನೆಗೆ, ಗೆದ್ದ ಸುಂದರಿಗೆ ಕಿರೀಟ, ಮುಂಬೈಯಲ್ಲಿ ಮಂಡಳಿಯ ವಸತಿ, ಮತ್ತು ಅಲ್ಲಿ ಇಷ್ಟಪಟ್ಟ ವಿಷಯವನ್ನು ಓದಿ ಮುಗಿಸುವವರೆಗೆ ಪೂರ್ಣ ವ್ಯವಸ್ಥೆ ಎಂದಿತ್ತು. ಶಾಂಭವಿಗೆ ಕಿರೀಟ ಬೇಕಿರಲಿಲ್ಲ.

ಮನೆಯಲ್ಲಿ ಯಾವುದಕ್ಕಾದರೂ ಒಪ್ಪಿಗೆ ಕೊಡುವವರು ಅವಳ ಕಾಕಾ ಬಸವಂತರಾಯರು. ಅವಳ ತಂದೆ ಮಾತಾಡುವವರಲ್ಲ, ಹೊಲ ನೋಡಿಕೊಳ್ಳುತ್ತಿದ್ದರು. ಬಸವಂತರಾಯರು ಮಾತಾಡುವವರು, ಹೊಲ ಬಿಟ್ಟು ಉಳಿದದ್ದನ್ನೆಲ್ಲ ನೋಡಿಕೊಳ್ಳುತ್ತಿದ್ದರು.

"ಕಾಕಾ, ಸ್ಪರ್ಧಾಕ್ಕ ಹೆಸರು ಕೊಡ್ತೇನ್ರಿ."

"ಎದರ ಸ್ಪರ್ಧಾ?"

"ಚೆಂದ ಇರೋರದು."

"ಥೂ. ಮಂದಿ ಏನಂತಾರ ಬೇ?"

"ಗೆದ್ದೋರಿಗಿ ಕಿರೀಟ ಹಾಕ್ತಾರ್ರಿ. ಒಂದು ವರ್ಷ ಎಲ್ಲಾ ಕಾರ್ಯಕ್ರಮಕ್ಕೂ ಕರೀತಾರ. ಸ್ಟೇಜ್ ಮ್ಯಾಲ ಕುರ್ಚಿ ಹಾಕ್ತಾರ."

ಬಸವಂತರಾಯರು ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿಸಿದರು.

"ಮೊದಲನೇ ಸಾಲಿನಾಗೇನು?"

"ನಟ್ಟನಡುವಿನ ಕುರ್ಚಿ."

"ಮಂತ್ರಿ ಬಂದ್ರ?"

"ಮಂತ್ರಿ ಬಾಜೂಕ ಕೂಡ್ತಾರ್ರಿ."

"ಹೆಸರು ಕೊಡು," ಎಂದರು ಬಸವಂತರಾಯರು.

ಇಲ್ಲಿ ಬಸವಂತರಾಯರ ಹುದ್ದೆಯನ್ನು ವಿವರಿಸುವುದು ಅಗತ್ಯ. ಅವರು ಗ್ರಾಮ ಪಂಚಾಯತಿ ಅಧ್ಯಕ್ಷರ ಗಂಡ. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಾಗ ಅವರ ಹೆಂಡತಿ ಶಾರದಾಬಾಯಿ ಆರಿಸಿ ಬಂದರು. ಅಂದಿನಿಂದ ಬಸವಂತರಾಯರು ಕುರ್ಚಿಯಲ್ಲಿ ಕೂಡುತ್ತಾರೆ. ಊರಿನವರು ಅವರನ್ನು ಅಧ್ಯಕ್ಷರು ಎನ್ನುತ್ತಾರೆ. ಶಾರದಾಬಾಯಿಯವರನ್ನು ಅಧ್ಯಕ್ಷರ ಮನಿಯವರು ಎನ್ನುತ್ತಾರೆ. ಶಾರದಾಬಾಯಿ ರೊಟ್ಟಿ ಬಡಿಯುವ ಕೈ ಒರೆಸಿಕೊಂಡು, ಒಲೆಯ ಮುಂದೆಯೇ ಸಹಿ ಮಾಡಿ ಕಳಿಸುತ್ತಾರೆ. ಪಂಚಾಯತಿಯ ಎಲ್ಲ ಠರಾವುಗಳ ಮೇಲೂ ಜೋಳದ ಹಿಟ್ಟಿನ ಹೆಬ್ಬೆರಳ ಗುರುತು ಇದೆ. ಮೂರೂ ತಾಲ್ಲೂಕುಗಳಲ್ಲಿ ಇದೇ ಪದ್ಧತಿ ಇರುವುದರಿಂದ ಯಾರೂ ಇದನ್ನು ಪದ್ಧತಿ ಎಂದು ಕರೆಯುವುದಿಲ್ಲ.

ಪ್ರಾದೇಶಿಕ ಆಯ್ಕೆ ಅಫಜಲಪುರದ ಒಂದು ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ಮದುವೆಯ ಕೆಂಪು ಜಮಖಾನವನ್ನೇ ಉದ್ದಕ್ಕೆ ಹಾಸಿದ್ದರು. ಜಯತೀರ್ಥರು ಮೈಕಿನ ಮುಂದೆ ನಿಂತು ಸ್ಪರ್ಧಿಗಳ ಹಾಜರಿ ಕರೆದರು.

"ಆಳಂದದ ಮಂಜರಿ."

"ಹಾಜರ್," ಎಂದು ಮಂಜರಿಯ ತಂದೆ ಮಲ್ಕಪ್ಪ ಎದ್ದು ನಿಂತರು. ಅರವತ್ತರ ಹತ್ತಿರದವರು. ಬಿಳಿ ಟೊಪ್ಪಿಗೆ ಹಾಕಿದ್ದರು.

"ಜೇವರ್ಗಿಯ ವಿಜಯಶ್ರೀ."

"ಬಂದೀನ್ರಿ," ಎಂದು ಅವಳ ಅಣ್ಣ ಸಂಜುಕುಮಾರ ಮೊಬೈಲಿನಿಂದ ತಲೆ ಎತ್ತದೆ ಕೈ ಎತ್ತಿದರು.

ಕರೆದ ಹೆಸರುಗಳೆಲ್ಲ ಹೆಣ್ಣುಮಕ್ಕಳವು. ಎದ್ದವರೆಲ್ಲ ಗಂಡಸರು. ಜಯತೀರ್ಥರು ಪ್ರತಿ ಹೆಸರಿನ ಮುಂದೆ ಗುರುತು ಹಾಕುತ್ತ ಹೋದರು. ಅವರ ಇಡೀ ಸೇವಾವಧಿಯಲ್ಲಿ ಮಹಿಳಾ ಸದಸ್ಯರ ಹಾಜರಿ ಕರೆದಾಗ ಬೇರೆ ಥರ ಆದದ್ದಿಲ್ಲ.

"ಗೊಬ್ಬೂರದ ಶಾಂಭವಿ."

ಇಬ್ಬರು ಎದ್ದರು. ಮುಂದಿನ ಸಾಲಿನಲ್ಲಿ ಬಸವಂತರಾಯರು. ಹಿಂದೆ, ಅಡುಗೆಮನೆಯ ಬಾಗಿಲ ಬಳಿ, ಶಾಂಭವಿ.

ಜಯತೀರ್ಥರಿಗೆ ಸಿಟ್ಟು ಬಂತು. "ಒಬ್ಬ ಸ್ಪರ್ಧಿಗಿ ಒಬ್ರೇ ಏಳಬೇಕು. ಇದೇನ್ ಜಾತ್ರಿ ಏನ್ರಿ?"

"ಕಾಕಾ, ಅದು ನನ್ನ ಹೆಸರ್ರಿ," ಎಂದಳು ಶಾಂಭವಿ.

"ನಿಂದೇ ಬೇ. ಯಾರು ಅಲ್ಲ ಅಂದ್ರು?"

"ಹಂಗಾರ ನಾ ನಿಲ್ಲಬೇಕಲ್ಲ?"

"ಅಲ್ಲಾ, ನಿಮ್ ಕಾಕೀದು ಹೆಸರು ಅದ. ಆಕಿ ಬಂದು ನಿಲ್ತಾಳೇನು? ಇಷ್ಟ್ ಓದಿ ಇಷ್ಟೂ ಗೊತ್ತಾಗವಲ್ದು."

ಸಭೆಗೆ ಉತ್ತರ ಸಮಂಜಸವಾಗಿ ಕಂಡಿತು. ಜಯತೀರ್ಥರು ಮೃದುವಾಗಿ ಹೇಳಿದರು: "ಕೂಡವ್ವಾ. ಸಹಿ ಟೈಮಿಗಿ ಕರೀತೇವಿ. ಸಹಿ ನಿಂದೇ ಬೇಕು. ಅದರಾಗ ನಾವು ಭಾಳ ಸ್ಟ್ರಿಕ್ಟ್."

ಆಕ್ಷೇಪ ಬಂದದ್ದು ಮಲ್ಕಪ್ಪನವರಿಂದ. "ಸಾಹೇಬ್ರ, ನಾ ಮಂಜರೀ ತಂದಿ. ಇವ್ರು ಬರೇ ಕಾಕಾ. ಸುಂದರಿ ಪರವಾಗಿ ಕಾಕಾ ಹ್ಯಾಂಗ್ ಬರ್ತಾರ?"

"ಅವ್ರ ಅಪ್ಪ ಮಾತಾಡಂಗಿಲ್ಲ," ಎಂದರು ಬಸವಂತರಾಯರು.

"ಸುಂದರಿ ಮಾತಾಡ್ಲಿಕ್ಕೇ ಬೇಕೇನ್ರಿ?"

"ಪ್ರಶ್ನಿ ಕೇಳ್ತಾರ. ಸುಮ್ಕ ನಿಂತ್ರ ನಮ್ ತಾಲ್ಲೂಕಿನ ಮಾನ ಹೋಗ್ತದ."

ಜಯತೀರ್ಥರು ಯೋಚಿಸಿ ಅಲ್ಲಿಯೇ ಒಂದು ನಿಯಮ ಮಾಡಿದರು: "ಅವಿವಾಹಿತ ಸುಂದರಿಯ ಪರವಾಗಿ ಮನೆಯ ಹಿರಿಯರು ಭಾಗವಹಿಸತಕ್ಕದ್ದು. ಹಿರಿಯರು ಎಂದರೆ ಮಾತಾಡುವವರು."

ನಡಿಗೆಯ ಪರೀಕ್ಷೆ ಶುರುವಾಯಿತು. ಮಲ್ಕಪ್ಪ ಅರ್ಧ ಜಮಖಾನ ದಾಟಿ ನಿಂತರು.

"ಲೇ ಮಾಳಿಂಗ," ಎಂದು ಆಳಂದದ ಕಡೆಯವರು ಯಾರೋ ಕೂಗಿದರು, "ನಮ್ಮ ಸುಂದರಿಗಿ ಮಣಕಾಲ ಹಿಡದಾವ. ಒಂದು ಕುರ್ಚಿ ತಾರಲೇ!"

ಸಂಜುಕುಮಾರ ಮೊಬೈಲ್ ನೋಡುತ್ತಲೇ ನಡೆದು, ಜಮಖಾನ ಮುಗಿದದ್ದು ತಿಳಿಯದೆ ಹೊರಗೆ ಹೋಗಿಬಿಟ್ಟರು. ಅವರನ್ನು ಹುಡುಕಿ ಕರೆತರಬೇಕಾಯಿತು.

ಬಸವಂತರಾಯರು ನಡೆದದ್ದು ಬೇರೆ. ಅವರು ನಾಲ್ಕು ಚುನಾವಣೆ ಮಾಡಿದವರು. ಎಡಕ್ಕೆ ಕೈ ಮುಗಿದರು, ಬಲಕ್ಕೆ ಕೈ ಮುಗಿದರು, ನಡುವೆ ನಿಂತು ಒಬ್ಬ ಮುದುಕನ ಹೆಗಲ ಮೇಲೆ ಕೈಯಿಟ್ಟು "ಆರಾಮ ಇದ್ದೀರೇನು? ಮುದುಕರ ಪಗಾರ ಬರಾಕತ್ತದಿಲ್ಲೋ?" ಎಂದು ವಿಚಾರಿಸಿದರು. ತೀರ್ಪುಗಾರರು ಪೂರ್ತಿ ಅಂಕ ಕೊಟ್ಟರು. ಮಲ್ಕಪ್ಪನವರು ಫಲಿತಾಂಶವನ್ನು ಧಿಕ್ಕರಿಸುವುದಾಗಿ ಹೇಳಿದರು. ಅವರಿಗೆ 'ಉಪ ಸುಂದರಿ' ಸ್ಥಾನ ಕೊಡಲಾಯಿತು. ಅವರು ಫಲಿತಾಂಶವನ್ನು ಸ್ವಾಗತಿಸಿದರು.

ಶಾಂಭವಿಯನ್ನು ಕರೆದು ಸಹಿ ಮಾಡಿಸಿಕೊಂಡರು.

ಮನೆಗೆ ಬಂದು ಅವಳು ಲೆಕ್ಕ ಹಾಕಿದಳು. ಅಂತಿಮ ಸ್ಪರ್ಧೆಯಲ್ಲಿ ಕಾಕಾ ಸೋತರೆ ಮುಂಬೈ ಇಲ್ಲ. ಕಾಕಾ ಗೆದ್ದರೆ ಮುಂಬೈ ಇದೆ. ಬಹುಮಾನದಲ್ಲಿ ಓದು ಇದೆ, ಓದಬೇಕು ಎಂಬ ಆಸೆ ಕಾಕಾಗೆ ಇಲ್ಲ. ಹಾಗಾಗಿ ಕಾಕಾ ಗೆಲ್ಲಬೇಕು. ಈ ತೀರ್ಮಾನಕ್ಕೆ ಬಂದ ಮೇಲೆ ಅವಳು ಅವರ ತಯಾರಿಗೆ ನಿಂತಳು. ದಿನಾ ಬೆಳಿಗ್ಗೆ ಅವರ ಮುಖಕ್ಕೆ ಕಡಲೆಹಿಟ್ಟು ಹಚ್ಚಿದಳು. ಮೀಸೆ ತೆಗೆಯಬೇಕೇ ಎಂಬ ಪ್ರಶ್ನೆ ಬಂತು. ಮೀಸೆ ತೆಗೆದರೆ ಸುಂದರಿಯ ಗುರುತು ಸಿಗುವುದಿಲ್ಲ ಎಂದು ಜಯತೀರ್ಥರು ಫೋನಿನಲ್ಲಿ ಎಚ್ಚರಿಸಿದರು.

ಗೌನು ಹೊಲಿಯುವ ಕೆಲಸ ಮಣ್ಣೂರದ ಟೇಲರ್ ಉಸ್ಮಾನಸಾಬರಿಗೆ ಬಂತು. ಅವರು ಟೇಪು ಹಿಡಿದು ಇಬ್ಬರನ್ನೂ ನೋಡಿದರು.

"ಸಾಹುಕಾರ್ರ, ಅಳತಿ ಯಾರದ್ರಿ? ಅರ್ಜಿದಾಗ ಹುಡುಗೀದು ಬರದಾರ, ಮುಂದ ನಿಂತಾವ್ರು ನೀವ್ ಅದೀರಿ."

"ಹಾಕ್ಕೊಳ್ಳಾಂವ ನಾ."

"ಅರ್ಜಿ ಪ್ರಕಾರ ನಡಾ ಇಪ್ಪತ್ತಾರು. ನಿಮಗ ಅದು ತೊಡಿಗಿ ಬರ್ತದ್ರಿ."

"ಅರ್ಜಿ ಬಿಟ್ಟು ಮಾಡಿದ್ರ ನಾಳಿ ಆಡಿಟ್ಟಿನಾಗ ಬರ್ತದ. ಒಂದ್ ಕೆಲಸ ಮಾಡು. ಎರಡೂ ಕೂಡ್ಸಿ ಸರಾಸರಿ ತಗೋ."

ಉಸ್ಮಾನಸಾಬರು ಮೂವತ್ತು ವರ್ಷ ಹೊಲಿದವರು. ಸರಾಸರಿ ತೆಗೆದುಕೊಂಡರು. ಗೌನು ಇಬ್ಬರಿಗೂ ಬರಲಿಲ್ಲ. ಬೆನ್ನ ಮೇಲೆ ಬಿಚ್ಚಿ, ಧೋತರದ ಮೇಲೆ ಶಾಲಿನಂತೆ ಹೊದೆಯುವುದೆಂದು ತೀರ್ಮಾನವಾಯಿತು. ಹಿಂದೆ ನೆಲದ ಮೇಲೆ ಎಳೆಯುವ ಭಾಗವನ್ನು ಎತ್ತಿ ಹಿಡಿಯಲು ಒಬ್ಬರು ಬೇಕಿತ್ತು. ಹೀಗೆ ಶಾಂಭವಿಗೆ ಅಂತಿಮ ಸ್ಪರ್ಧೆಯ ವೇದಿಕೆಗೆ ಪ್ರವೇಶ ಸಿಕ್ಕಿತು. ಅವಳ ಕೊರಳಿಗೆ ಹಾಕಿದ ಪಾಸಿನಲ್ಲಿ 'ಸುಂದರಿಯ ಬಟ್ಟೆ ಹಿಡಿಯುವವರು' ಎಂದಿತ್ತು.

ಮುಂಬೈಯಲ್ಲಿ ಸುಂದರಿಯರನ್ನು ಸಮುದ್ರ ಕಾಣುವ ಹೋಟೆಲಿನಲ್ಲಿ ಇಳಿಸಿದರು. ಜೊತೆಗೆ ಬಂದವರಿಗೆ ಹಿಂದಿನ ಬೀದಿಯ ವಸತಿಗೃಹ. ಬಸವಂತರಾಯರಿಗೆ ಸಮುದ್ರ ಕಂಡಿತು. ಶಾಂಭವಿಗೆ ಇತರ ಸುಂದರಿಯರ ತಾಯಂದಿರು ಕಂಡರು.

ಸ್ಪರ್ಧೆಯ ನಿರ್ದೇಶಕರು ಮಿಲಿಂದ ಎಂಬವರು. ನೋಂದಣಿಯ ದಿನ ಅವರು ಬಸವಂತರಾಯರನ್ನು ಬಹಳ ಹೊತ್ತು ನೋಡಿದರು. ಶಾಂಭವಿ ಅವರ ಕೋಣೆಗೆ ಹೋದಳು. ಕಾಕಾ ಗೆಲ್ಲಬೇಕೆಂದು ಅವಳು ಆಗಲೇ ತೀರ್ಮಾನಿಸಿದ್ದರೂ, ತಾನೇ ನಿಲ್ಲುವ ದಾರಿ ಇದ್ದರೆ ಒಮ್ಮೆ ಕೇಳಿಬಿಡುವುದು ಸರಿ ಎನಿಸಿತ್ತು. ಮಾತು ಹಿಂದಿಯಲ್ಲಿ ನಡೆಯಿತು.

"ಸರ್, ಶಾಂಭವಿ ನಾನು."

"ಹಾಗಾದರೆ ಅವರು?"

"ನನ್ನ ಕಾಕಾ. ನನ್ನ ಪರವಾಗಿ ಬಂದಿದ್ದಾರೆ."

"ನೀನು ಇಲ್ಲೇ ಇದ್ದೀಯಲ್ಲ?"

"ಇದ್ದೇನೆ."

"ಮತ್ತೆ ಪರವಾಗಿ ಯಾಕೆ?"

ಅದನ್ನು ಕಾಕಾನನ್ನೇ ಕೇಳಿ ಎಂದಳು ಶಾಂಭವಿ. ಮಿಲಿಂದ ಬಸವಂತರಾಯರನ್ನು ಕರೆಸಿದರು.

"ನಿಮ್ಮ ಪ್ರದೇಶದಲ್ಲಿ ಹೆಂಗಸರ ಹೆಸರಿನಲ್ಲಿ ಯಾರು ವೇದಿಕೆ ಹತ್ತುತ್ತಾರೆ?"

"ನಾವೇ," ಎಂದರು ಬಸವಂತರಾಯರು.

"ಕುರ್ಚಿಯಲ್ಲಿ ಯಾರು ಕೂಡುತ್ತಾರೆ?"

"ನಾವೇ."

"ಹಾರ ಯಾರಿಗೆ ಹಾಕುತ್ತಾರೆ?"

"ಅದೇನ್ ಕೇಳೂ ಮಾತ್ರೀ?"

ಮಿಲಿಂದ ನಿಯಮಾವಳಿ ತೆಗೆದರು. ಅದರಲ್ಲಿ 'ಪ್ರತಿ ಸ್ಪರ್ಧಿಯೂ ತನ್ನ ಪ್ರದೇಶದ ಬದುಕನ್ನು ಇದ್ದುದು ಇದ್ದ ಹಾಗೆ ಪ್ರತಿನಿಧಿಸತಕ್ಕದ್ದು' ಎಂದಿತ್ತು. ಉಳಿದ ಪ್ರದೇಶಗಳ ಸುಂದರಿಯರನ್ನು ಅವರು ನೋಡಿದ್ದರು. ಎಲ್ಲರೂ ಒಂದೇ ಎತ್ತರ, ಒಂದೇ ನಗೆ. ಪಟ್ಟಿ ತೆಗೆದರೆ ಯಾರು ಎಲ್ಲಿಯವರು ಎಂದು ಹೇಳಲಾಗುತ್ತಿರಲಿಲ್ಲ. ತಮ್ಮ ಪ್ರದೇಶವನ್ನು ನಿಖರವಾಗಿ ಪ್ರತಿನಿಧಿಸುತ್ತಿರುವ ಏಕೈಕ ಸುಂದರಿ ಬಸವಂತರಾಯರು ಎಂಬ ನಿರ್ಣಯಕ್ಕೆ ಅವರು ಬಂದರು.

"ನೀನು ಬಟ್ಟೆ ಹಿಡಿ ಮಗಳೇ," ಎಂದರು ಶಾಂಭವಿಗೆ. "ಅದೂ ಮುಖ್ಯ ಕೆಲಸವೇ."

ಅಂತಿಮ ಸ್ಪರ್ಧೆಯನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. ಸುಂದರಿಯರು ಒಬ್ಬೊಬ್ಬರೇ ನಡೆದು ಬಂದರು. ಬಸವಂತರಾಯರು ಬಿಳಿ ಅಂಗಿ, ಧೋತರ, ಕೆಂಪು ರುಮಾಲು, ಮೇಲೆ ನೀಲಿ ಗೌನು, ಮೊಣಕಾಲಿನವರೆಗೆ ಪಟ್ಟಿ ಧರಿಸಿ ಬಂದು ಎಡಕ್ಕೂ ಬಲಕ್ಕೂ ಕೈ ಮುಗಿದರು. ಹಿಂದೆ ಶಾಂಭವಿ ಗೌನಿನ ತುದಿ ಹಿಡಿದು ಬಂದಳು. ಕ್ಯಾಮೆರಾಕ್ಕೆ ಅವಳ ಕೈಗಳು ಮಾತ್ರ ಕಂಡವು.

ಕೊನೆಗೆ ಪ್ರಶ್ನೆಯ ಸುತ್ತು. ಎಲ್ಲರಿಗೂ ಒಂದೇ ಪ್ರಶ್ನೆ: "ನೀವು ಗೆದ್ದರೆ ಮಹಿಳೆಯರಿಗಾಗಿ ಏನು ಮಾಡುತ್ತೀರಿ?"

ಮೊದಲ ಸುಂದರಿ ವಿಶ್ವಶಾಂತಿಗೆ ದುಡಿಯುವೆ ಎಂದಳು. ಎರಡನೆಯವಳು ಪ್ರೀತಿಯನ್ನು ಹಂಚುವೆ ಎಂದಳು. ಮೂರನೆಯವಳು ವಿಶ್ವಶಾಂತಿಯನ್ನೂ ಪ್ರೀತಿಯನ್ನೂ ಸಮನಾಗಿ ಹಂಚುವೆ ಎಂದಳು. ಬಸವಂತರಾಯರ ಸರದಿ ಬಂತು.

"ಹೆಣ್ಮಕ್ಕಳ ಓಣಿಗಿ ಸಿಸಿ ರಸ್ತಾ ಮಾಡಿಸ್ತೇನಿ," ಎಂದರು ಅವರು. "ಎರಡೂ ಬಾಜೂಕ ಗಟಾರ. ಚೌಕದಾಗ ಒಂದು ಹೈಮಾಸ್ಟ್ ದೀಪ."

ಅನುವಾದಕರು ಹೇಳಿ ಮುಗಿಸುವವರೆಗೆ ತೀರ್ಪುಗಾರರು ಕಾದರು. ಆಮೇಲೆ ಒಬ್ಬರು ಕೇಳಿದರು: "ಮತ್ತು ವಿಶ್ವಶಾಂತಿ?"

"ಅದು ನಮ್ಮ ಅನುದಾನದಾಗ ಬರಂಗಿಲ್ರಿ."

ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈ ಸ್ಪರ್ಧೆಯ ಇತಿಹಾಸದಲ್ಲಿ ಅಳತೆ ಹಿಡಿದು ನೋಡಬಹುದಾದ ಉತ್ತರ ಇದೇ ಮೊದಲು ಎಂದು ಅವರ ವರದಿ ಹೇಳಿತು.

ಹೀಗೆ ಗೊಬ್ಬೂರದ ಶಾಂಭವಿ ಭಾರತ ಸುಂದರಿಯಾದಳು. ಕಿರೀಟವನ್ನು ರುಮಾಲಿನ ಮೇಲೆ ಇಡಲಾಯಿತು. ನಟ್ಟನಡುವೆ ಕುರ್ಚಿ ಹಾಕಿದರು. ಬಸವಂತರಾಯರು ಕುಳಿತು ಎರಡೂ ಕೈಗಳನ್ನು ಕುರ್ಚಿಯ ಮೇಲೆ ಚಾಚಿದರು. ಬಾಜೂಕ ಮಂತ್ರಿ ಕುಳಿತಿದ್ದರು. ಶಾಂಭವಿಯನ್ನು ಕರೆದು ಸಹಿ ಮಾಡಿಸಿಕೊಂಡರು.

ಮರುದಿನ ಅವಳು ಮಂಡಳಿಯ ವಸತಿಗೆ ಹೋದಾಗ ಬಸವಂತರಾಯರು ಸೋಫಾದ ಮೇಲೆ ಕಿರೀಟ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ಅವರಿಗೆ ಈಗ ದಿನಕ್ಕೆ ಮೂರು ಉದ್ಘಾಟನೆಗಳಿದ್ದವು.

"ಕಾಕಾ, ಕಾಲೇಜಿನ ಪ್ರವೇಶ ಈ ವಾರ ಮುಗೀತದ್ರಿ. ಓದೂ ವ್ಯವಸ್ಥಾ ಬಹುಮಾನದಾಗ ಅದ. ನಿಮಗೇನ್ ಓದೂದಿಲ್ಲಲ್ಲ? ನಾ ಇಲ್ಲೇ ಒಂದ್ ಖೋಲಿದಾಗ ಇದ್ದು..."

"ಎಲ್ಲಿ ಇರ್ತೀ? ಈ ಮನಿ ಸುಂದರಿಗಿ ಕೊಟ್ಟಾರ."

"ನಾನೇ ಸುಂದರಿ ಅಲ್ಲೇನ್ರಿ?"

"ಹೆಸರಿಗಿ," ಎಂದರು ಬಸವಂತರಾಯರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಾಳಿ ಗಾಡಿಗಿ ಟಿಕೇಟ್ ತಗಸೀನಿ. ಊರಿಗಿ ಹೋಗು. ಸಹಿ ಬೇಕಾದ್ರ ಕಾಗದ ಅಲ್ಲಿಗೇ ಕಳಸ್ತೇನಿ."

ಶಾಂಭವಿ ಹಿಂದಿನ ಬೀದಿಯ ವಸತಿಗೃಹಕ್ಕೆ ಬಂದು ಶಾರದಾಬಾಯಿಗೆ ಫೋನ್ ಮಾಡಿದಳು. ಶಾರದಾಬಾಯಿ ಎಲ್ಲವನ್ನೂ ಕೇಳಿದರು. ಹಂಚಿನ ಮೇಲಿನ ರೊಟ್ಟಿ ಮಗುಚುವ ಸದ್ದು ಕೇಳಿಸಿತು.

"ಅಳಾಕತ್ತೀ ಏನು?"

"ಇಲ್ರಿ ಕಾಕಿ."

"ಅಳಬ್ಯಾಡ. ನಿಮ್ಮ ಕಾಕಾ ವಾಪಸ್ ಬರಬೇಕು, ಇಷ್ಟೇ ಹೌದಲ್ಲ? ನಾಳಿ ನಾ ಆಫೀಸಿಗಿ ಹೋಗ್ತೇನಿ."

"ಎದಕ್ರೀ?"

"ಎದಕ್ಕಂದ್ರ? ಅಧ್ಯಕ್ಷರು ಆಫೀಸಿಗಿ ಎದಕ್ಕ ಹೋಗ್ತಾರ ಬೇ?"

ಮರುದಿನ ಮೊದಲ ಉದ್ಘಾಟನೆಗೆ ಬಸವಂತರಾಯರು ಕತ್ತರಿ ಕೈಗೆ ತೆಗೆದುಕೊಂಡಾಗ ಫೋನ್ ಬಂತು. ಪಂಚಾಯತಿಯಲ್ಲಿ ಕರ ವಸೂಲಿ ಮಾಡುವ ಮಹಾದೇವಪ್ಪ ಓಡಿ ಬಂದವರಂತೆ ಏದುಸಿರು ಬಿಡುತ್ತಿದ್ದರು.

"ಸಾಹುಕಾರ್ರ, ಅನಾಹುತ ಆಗ್ಯಾದ್ರಿ. ಅಧ್ಯಕ್ಷರು ಬಂದು ಕುರ್ಚಿ ಮ್ಯಾಲ ಕುಂತಾರ."

"ಯಾ ಅಧ್ಯಕ್ಷರಲೇ? ನಾ ಇಲ್ಲಿ ಅದೀನಿ."

"ಖರೇ ಅಧ್ಯಕ್ಷರ್ರಿ."

ಬಸವಂತರಾಯರು ಕತ್ತರಿಯನ್ನು ತಾಟಿನಲ್ಲಿ ವಾಪಸಿಟ್ಟರು.

"ಕುಂತು ಏನ್ ಮಾಡಾಕತ್ತಾಳ?"

"ಓದಾಕತ್ತಾರ್ರಿ."

"ಏನ್ ಓದಾಕತ್ತಾಳ?"

"ಠರಾವು. ಸಹಿ ಮಾಡೂಕಿಂತ ಮೊದಲ ಓದಾಕತ್ತಾರ್ರಿ! ನಿಮ್ಮ ಗಟಾರದ ಫೈಲು ಈಗ ಕೈಗಿ ತಗೊಂಡಾರ. ಹೊರಗ ಜನಾ ನೆರದದ. ಹೆಣ್ಮಕ್ಕಳು ಚಹಾ ಮಾಡಿ ತಂದಾರ."

ಬಸವಂತರಾಯರು ನೇರವಾಗಿ ಮಿಲಿಂದರ ಕಚೇರಿಗೆ ಹೋದರು. ತಾವು ಕೂಡಲೇ ಊರಿಗೆ ಹೋಗಬೇಕು, ಕಿರೀಟವನ್ನು ಅಲ್ಲಿಂದಲೇ ನಿಭಾಯಿಸುತ್ತೇನೆ ಎಂದರು. ಮಿಲಿಂದ ನಿಯಮಾವಳಿ ತೆಗೆದರು. ಸುಂದರಿ ವರ್ಷವಿಡೀ ಮುಂಬೈಯಲ್ಲಿ ವಾಸವಿರಬೇಕು. ವಸತಿ ಖಾಲಿ ಬಿದ್ದರೆ ಕಿರೀಟ ಎರಡನೆಯ ಸ್ಥಾನದವಳಿಗೆ ಹೋಗುತ್ತದೆ. ಎರಡನೆಯ ಸ್ಥಾನದವಳು ವಿಶ್ವಶಾಂತಿಯ ಹುಡುಗಿ.

ಊರ ಕುರ್ಚಿ ಬಿಡುವಂತಿಲ್ಲ, ಇಲ್ಲಿಯ ಕುರ್ಚಿ ಬಿಡುವಂತಿಲ್ಲ. ಬಸವಂತರಾಯರು ರುಮಾಲಿನಿಂದ ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತರು.

"ನಿಮ್ಮ ಪರವಾಗಿ ಇಲ್ಲಿ ಯಾರಾದರೂ ಇರಬಹುದಲ್ಲ?" ಎಂದರು ಮಿಲಿಂದ. "ನಿಮ್ಮಲ್ಲಿ ಪದ್ಧತಿ ಇದೆ."

"ಅಣ್ಣ ಮಾತಾಡಂಗಿಲ್ಲ. ನನಗ ಗಂಡುಮಕ್ಕಳಿಲ್ಲ. ಮಲ್ಕಪ್ಪನ್ನ ಕರದ್ರ ಅಂವ ಕಿರೀಟ ಆಳಂದಕ್ಕೇ ಒಯ್ತಾನ."

ಬಾಗಿಲ ಬಳಿ ಶಾಂಭವಿ ಬ್ಯಾಗು ಹಿಡಿದು ನಿಂತಿದ್ದಳು. ಅವಳ ಗಾಡಿಗೆ ಇನ್ನೂ ಸಮಯವಿತ್ತು.

"ನಾ ಇರ್ತೇನ್ರಿ," ಎಂದಳು.

ಇಬ್ಬರೂ ಅವಳನ್ನು ನೋಡಿದರು. ಬಸವಂತರಾಯರಿಗೆ ಸಂಕೋಚವಾಯಿತು. "ಹೆಣ್ಣುಡುಗಿ ಬೇ ನೀ. ಸುಂದರಿ ಅಂತ ನಾಕ್ ಮಂದ್ಯಾಗ ಹ್ಯಾಂಗ್ ನಿಲ್ತೀ? ಮಂದಿ ಒಪ್ಪಬೇಕಲ್ಲ."

ಮಿಲಿಂದರಿಗೂ ಅದೇ ಅನುಮಾನ. ಟಿ.ವಿ. ನೋಡಿದವರು ಬಸವಂತರಾಯರಿಗೆ ಹೊಂದಿಕೊಂಡಿದ್ದಾರೆ, ಇದ್ದಕ್ಕಿದ್ದಂತೆ ಒಬ್ಬ ಯುವತಿಯನ್ನು ಸುಂದರಿ ಎಂದು ನಿಲ್ಲಿಸಿದರೆ ಗೊಂದಲವಾಗುತ್ತದೆ ಎಂದರು.

"ಸುಂದರಿ ಅಂತ ನಿಲ್ಲಂಗಿಲ್ರಿ," ಎಂದಳು ಶಾಂಭವಿ. "ಕಾಕಾನ ಪರವಾಗಿ ನಿಲ್ತೇನಿ. ಹೆಸರು ಕಾಕಾಂದೇ. ಹಾರ ಬಂದ್ರ ಊರಿಗಿ ಪಾರ್ಸಲ್ ಮಾಡ್ತೇನಿ. ಖಾಲೀ ಟೈಮಿನಾಗ ಕಾಕಾನ ಪರವಾಗೇ ಓದ್ತೇನಿ."

ಬಸವಂತರಾಯರು ಇದನ್ನು ಎಲ್ಲ ಕಡೆಯಿಂದ ಯೋಚಿಸಿ ನೋಡಿದರು. ಊರಲ್ಲಿ ಕೂತು ಮುಂಬೈಯ ಹಾರ ಬರುತ್ತದೆ. ಹೆಸರು ತಮ್ಮದೇ. ಅವರು ತಲೆಯಾಡಿಸಿದರು. ಮಂಡಳಿ ಅದೇ ಸಂಜೆ ಒಂದು ತಿದ್ದುಪಡಿ ತಂದಿತು:

"ಸುಂದರಿಯ ಪ್ರತಿನಿಧಿಯು ಅನಿವಾರ್ಯ ಕಾರಣದಿಂದ ಗೈರುಹಾಜರಾದಲ್ಲಿ, ಅವರ ಪ್ರತಿನಿಧಿಯಾಗಲು ಮೂಲ ಸುಂದರಿಯೂ ಅರ್ಹಳು. ಆದರೆ ಆಕೆ ತಾನೇ ಮೂಲ ಸುಂದರಿ ಎಂದು ಎಲ್ಲಿಯೂ ಹೇಳಿಕೊಳ್ಳತಕ್ಕದ್ದಲ್ಲ."

ಬಸವಂತರಾಯರು ಕಿರೀಟದೊಂದಿಗೆ ಗೊಬ್ಬೂರಕ್ಕೆ ಮರಳಿದರು. ಶಾರದಾಬಾಯಿ ಕುರ್ಚಿಯಿಂದ ಎದ್ದರು. ಓದುವ ರೂಢಿಯನ್ನು ಮಾತ್ರ ಬಿಡಲಿಲ್ಲ. ಈಗ ಕಡತಗಳು ಒಲೆಯ ಮುಂದೆ ಎರಡು-ಮೂರು ದಿನ ಇರುತ್ತವೆ. ಮನೆಯಲ್ಲಿ ರೊಟ್ಟಿ ತಡವಾಗುತ್ತದೆ. ಊರಲ್ಲಿ ಗಟಾರ ಬೇಗ ಆಗುತ್ತದೆ. ಅಫಜಲಪುರದ ಬಸ್ ನಿಲ್ದಾಣದ ಎದುರು ಕಟ್ಟಿರುವ ಫ್ಲೆಕ್ಸಿನಲ್ಲಿ ಕಿರೀಟ ಧರಿಸಿದ ಬಸವಂತರಾಯರಿದ್ದಾರೆ. ಕೆಳಗಿನ ಸಾಲಿನಲ್ಲಿ ಶುಭ ಕೋರುವವರ ಮುಖಗಳ ನಡುವೆ ಉಪ ಸುಂದರಿ ಮಲ್ಕಪ್ಪನವರೂ ಇದ್ದಾರೆ. ದೇಶದ ಇತರ ಪ್ರದೇಶಗಳಲ್ಲೂ ಈ ಕ್ರಮ ಅನುಕೂಲಕರ ಎಂದು ಕಂಡುಬಂದು, ಮುಂದಿನ ವರ್ಷದ ಸ್ಪರ್ಧೆಗೆ ಅರ್ಜಿ ಹಾಕಿದ ಸುಂದರಿಯರಲ್ಲಿ ಹೆಚ್ಚಿನವರು ನಿವೃತ್ತರು.

ಶಾಂಭವಿಗೆ ಮಂಡಳಿಯ ವಸತಿಯಲ್ಲಿ ಒಂದು ಕೋಣೆ, ಮೇಜು, ಓದುವ ದೀಪ ಸಿಕ್ಕವು. ತಿದ್ದುಪಡಿಯ ನಂತರ ಬಹುಮಾನ ಕಾಕಾನ ಹೆಸರಿಗೆ ಹೋಗಿದ್ದರಿಂದ ಕಾಲೇಜಿನ ಪ್ರವೇಶವೂ ಅದೇ ಹೆಸರಿನಲ್ಲಿ ಆಯಿತು. ಎರಡು ವರ್ಷದ ನಂತರ ಎಂ.ಎಸ್ಸಿ. ಪದವಿಯನ್ನು ಬಸವಂತರಾಯರಿಗೆ ಪ್ರದಾನ ಮಾಡಲಾಗುವುದು.

ಮೊದಲ ತರಗತಿಯಲ್ಲಿ ಒಬ್ಬ ಸ್ಥೂಲಕಾಯದ ಗೃಹಸ್ಥರು ಬಂದು ಹಾಜರಿ ಕರೆದರು.

"ಬಸವಂತರಾಯ."

"ಹಾಜರ್ ಸರ್," ಎಂದು ಶಾಂಭವಿ ಎದ್ದು ನಿಂತಳು.

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಪರವಾಗಿಯೋ?"

"ಹೌದು ಸರ್."

ಅವರು ಗುರುತು ಹಾಕಿಕೊಂಡರು. ಶಾಂಭವಿ ಕೂಡಲಿಲ್ಲ. ವೇಳಾಪಟ್ಟಿಯಲ್ಲಿ ಈ ಪಾಠಕ್ಕೆ ಡಾಕ್ಟರೇಟ್ ಪಡೆದ ಒಬ್ಬ ಮೇಡಂ ಹೆಸರಿತ್ತು. ಅವರ ಪಾಠ ಕೇಳಬೇಕೆಂದೇ ಅವಳು ಈ ಕಾಲೇಜು ಆರಿಸಿಕೊಂಡಿದ್ದಳು.

"ಮೇಡಂ ಬರುವುದಿಲ್ಲವೇ ಸರ್?"

"ಮನೆಯಲ್ಲಿದ್ದಾರೆ. ನಾನು ಅವರ ಯಜಮಾನ. ಸಿಮೆಂಟ್ ವ್ಯಾಪಾರ." ಅವರು ಸೀಮೆಸುಣ್ಣ ಕೈಗೆ ತೆಗೆದುಕೊಂಡು ಹಲಗೆಯ ಕಡೆ ತಿರುಗಿದರು. "ಬರೆದುಕೊಳ್ಳಿ."

ತರಗತಿಯಲ್ಲಿ ಎಲ್ಲರೂ ಬರೆದುಕೊಂಡರು.